ದಯೆ, ಇಚ್ಛೆ, ನಿರಾಕರಣೆ: ಘನತೆಯ ಮರಣದ ಹಕ್ಕು ಮತ್ತು ಕನ್ನಡದ ಪದಗಳು

2025ರ ಜನವರಿ 30ರಂದು ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯು ಒಂದು ಸುತ್ತೋಲೆಯನ್ನು ಹೊರಡಿಸಿತು. ಚೇತರಿಸಿಕೊಳ್ಳುವ ಸಾಧ್ಯತೆಯಿಲ್ಲದ ರೋಗಿಗೆ ನೀಡಲಾಗುತ್ತಿರುವ ಜೀವಾಧಾರ ಚಿಕಿತ್ಸೆಯನ್ನು ತಡೆಹಿಡಿಯುವ ಅಥವಾ ಹಿಂತೆಗೆದುಕೊಳ್ಳುವ ಬಗೆಗೆ ಸರ್ವೋಚ್ಚ ನ್ಯಾಯಾಲಯವು ವಿಧಿಸಿದ್ದ ಕ್ರಮವನ್ನು ರಾಜ್ಯದಲ್ಲಿ ಜಾರಿಗೆ ತರುವುದು ಅದರ ಉದ್ದೇಶವಾಗಿತ್ತು. ಆದರೆ ಕನ್ನಡದ ಸುದ್ದಿಲೋಕದಲ್ಲಿ ಅದು ‘ದಯಾಮರಣ’ದ ಆದೇಶವೆಂದೇ ಪ್ರಚಾರ ಪಡೆಯಿತು. ಇದನ್ನು ದಯಾಮರಣದೊಂದಿಗೆ ಬೆರೆಸಬಾರದೆಂದೂ, ಜೀವಾಧಾರ ವ್ಯವಸ್ಥೆಯ ಮೇಲಿದ್ದು ಚಿಕಿತ್ಸೆಗೆ ಸ್ಪಂದಿಸದವರಿಗೆ ಮಾತ್ರ ಇದು ಅನ್ವಯಿಸುತ್ತದೆಂದೂ ಆರೋಗ್ಯ ಸಚಿವರೇ ಹೇಳಬೇಕಾಯಿತು. ಸುತ್ತೋಲೆಯ ಒಕ್ಕಣೆ ಸರಿಯಾಗಿಯೇ ಇತ್ತು. ತೊಡಕು ಇದ್ದದ್ದು ಅದನ್ನು ಅರ್ಥಮಾಡಿಕೊಳ್ಳಲು ನಮ್ಮಲ್ಲಿ ಸಿದ್ಧವಾಗಿದ್ದ ಪದದಲ್ಲಿ. ಪ್ರಸ್ತುತ ಲೇಖನವು ಆ ಪದವನ್ನೂ, ಅದರ ಬದಲಿಗೆ ಸೂಚಿಸಲಾಗುವ ಬೇರೆ ಪದಗಳನ್ನೂ ಕಾನೂನಿನ ಎದುರಿಗಿಟ್ಟು ನೋಡುವ ಒಂದು ಪ್ರಯತ್ನ.

‘ಯುಥನೇಸಿಯ’ ಎಂಬ ಗ್ರೀಕ್ ಮೂಲದ ಪದದಲ್ಲಿ ದಯೆಯೂ ಇಲ್ಲ, ದಯೆ ತೋರುವವನೂ ಇಲ್ಲ. ಅದರ ಅರ್ಥ ‘ಒಳ್ಳೆಯ ಸಾವು’ ಎಂದಷ್ಟೆ. ನಮ್ಮ ಪದಕ್ಕೆ ಹತ್ತಿರವಿರುವುದು ‘ಮರ್ಸಿ ಕಿಲ್ಲಿಂಗ್’. ಅಲ್ಲಿನ ಕೊಲ್ಲುವಿಕೆಯು ಕನ್ನಡದಲ್ಲಿ ಮರಣವಾಗಿ ಮೃದುವಾಗಿದೆ. ದಯೆ ಮಾತ್ರ ಹಾಗೆಯೇ ಉಳಿದಿದೆ. ಈ ಪದದೊಡನೆ ನಾವು ಬಳಸುವ ಕ್ರಿಯಾಪದಗಳನ್ನು ಗಮನಿಸಬೇಕು. ದಯಾಮರಣವನ್ನು ಕೋರುತ್ತಾರೆ, ಬೇಡುತ್ತಾರೆ. ಅದನ್ನು ನೀಡುತ್ತಾರೆ, ಕರುಣಿಸುತ್ತಾರೆ, ಇಲ್ಲವೆ ನಿರಾಕರಿಸುತ್ತಾರೆ. ಅಂದರೆ ಸಾಯುವ ವ್ಯಕ್ತಿ ಇಲ್ಲಿ ಕರ್ತೃವಲ್ಲ, ಚತುರ್ಥಿ ವಿಭಕ್ತಿಯಲ್ಲಿ ನಿಂತ ಗ್ರಾಹಕ. ಕೊಡುವವರು ರಾಷ್ಟ್ರಪತಿ, ನ್ಯಾಯಾಲಯ ಅಥವಾ ವೈದ್ಯರು. ಭೂಮಿ ಕಳೆದುಕೊಂಡು ಪರಿಹಾರ ಸಿಗದವರು, ವೇತನ ಬಾರದ ನೌಕರರು ‘ನಮಗೆ ದಯಾಮರಣ ಕೊಡಿ’ ಎಂದು ಜಿಲ್ಲಾಧಿಕಾರಿಗಳ ಮೂಲಕ ರಾಷ್ಟ್ರಪತಿಗಳಿಗೆ ಮನವಿ ಸಲ್ಲಿಸುವುದು ನಮ್ಮ ಪ್ರತಿಭಟನೆಯ ಭಾಷೆಯಲ್ಲಿ ಒಂದು ಸಿದ್ಧರೂಪವೇ ಆಗಿದೆ. ರೋಗದ ಸಂಬಂಧವೇ ಇಲ್ಲದ ಈ ಪ್ರಯೋಗವು ಪದದ ಒಳಗಿನ ಅಧಿಕಾರ ಸಂಬಂಧವನ್ನು ಸ್ಪಷ್ಟಗೊಳಿಸುತ್ತದೆ: ಪ್ರಭುತ್ವ ಕೊಡುತ್ತದೆ, ಪ್ರಜೆ ಕೈಯೊಡ್ಡುತ್ತಾನೆ.

ಕಾನೂನು ನಡೆದು ಬಂದ ದಾರಿ ಇದಕ್ಕೆ ವಿರುದ್ಧವಾದುದು. 1996ರ ಗ್ಯಾನ್ ಕೌರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, 21ನೆಯ ವಿಧಿಯು ನೀಡುವ ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಅಡಕವಾಗಿಲ್ಲವೆಂದು ತೀರ್ಮಾನಿಸಿತು. ಆದರೆ ಘನತೆಯಿಂದ ಬದುಕುವ ಹಕ್ಕು ಸಹಜ ಮರಣದ ಕೊನೆಯವರೆಗೂ ಇರುತ್ತದೆ ಎಂಬ ಮಾತನ್ನೂ ಸೇರಿಸಿತು. ಮುಂದಿನ ಚರ್ಚೆಯೆಲ್ಲ ಬೆಳೆದದ್ದು ಈ ಎರಡನೆಯ ಮಾತಿನಿಂದ.

ಅರುಣಾ ಶಾನಭಾಗ ಪ್ರಕರಣವನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರಾದ ಅರುಣಾ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಡೆಸಿದ ದಾಳಿಯಿಂದ ಅವರ ಮಿದುಳಿಗೆ ಆಮ್ಲಜನಕ ತಪ್ಪಿತು. ಅಂದಿನಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಪತ್ರಕರ್ತೆ ಪಿಂಕಿ ವಿರಾನಿಯವರು ಅವರ ಪರವಾಗಿ ಸಲ್ಲಿಸಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2011ರ ಮಾರ್ಚ್ 7ರಂದು ತಿರಸ್ಕರಿಸಿತು. ಅರುಣಾ ಪರವಾಗಿ ತೀರ್ಮಾನಿಸಬೇಕಾದವರು ಅರ್ಜಿದಾರರಲ್ಲ, ದಶಕಗಳ ಕಾಲ ಅವರನ್ನು ಉಣಿಸಿ ತೊಳೆದು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿ ಎಂಬುದು ನ್ಯಾಯಾಲಯದ ನಿಲುವು. ಆ ದಾದಿಯರು ಅವರು ಬದುಕಿರಲೆಂದೇ ಬಯಸಿದ್ದರು. ಇದೇ ತೀರ್ಪಿನಲ್ಲಿ, ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಜೀವಾಧಾರ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ಮೊದಲ ಬಾರಿಗೆ ಅವಕಾಶವನ್ನೂ ಕಲ್ಪಿಸಲಾಯಿತು.

ಪಿಂಕಿ ವಿರಾನಿಯವರ ದಯೆಯೂ ದಾದಿಯರ ದಯೆಯೂ ಪ್ರಾಮಾಣಿಕವಾದುವೇ. ಒಂದು ದಯೆ ಸಾವನ್ನು ಬಯಸಿತು, ಇನ್ನೊಂದು ಬದುಕನ್ನು. ಇವೆರಡರಲ್ಲಿ ಯಾವುದು ಹಿರಿದೆಂದು ಅಳೆಯುವ ಕೋಲು ಯಾರ ಬಳಿಯೂ ಇರಲಿಲ್ಲ. ಅರುಣಾ ಏನು ಬಯಸಿದ್ದರು ಎಂಬುದಕ್ಕೆ ಯಾವ ಬರವಣಿಗೆಯೂ ಇರಲಿಲ್ಲ. ಇಪ್ಪತ್ತೈದರ ಹರೆಯದಲ್ಲಿ ಹಾಗೆ ಬರೆದಿಡುವವರು ಯಾರು? ದಯೆಯನ್ನು ಆಧಾರವಾಗಿ ಇಟ್ಟುಕೊಂಡರೆ ತೀರ್ಮಾನವು ರೋಗಿಯ ಸುತ್ತಲಿನವರ ನಡುವೆ ಹಂಚಿಹೋಗುತ್ತದೆ ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

2018ರ ಮಾರ್ಚ್ 9ರಂದು ‘ಕಾಮನ್ ಕಾಸ್’ ಸಂಸ್ಥೆಯ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಪೀಠವು ನೀಡಿದ ತೀರ್ಪು ಆಧಾರವನ್ನೇ ಬದಲಿಸಿತು. ಪ್ರಬುದ್ಧ ಮನಸ್ಸಿನ ವಯಸ್ಕ ವ್ಯಕ್ತಿಗೆ ತನ್ನ ದೇಹದ ಮೇಲಿನ ಚಿಕಿತ್ಸೆಯನ್ನು ಬೇಡವೆನ್ನುವ ಹಕ್ಕಿದೆ. ಮುಂದೆ ಬೇಡವೆನ್ನಲಾಗದ ಸ್ಥಿತಿ ಬಂದೀತೆಂದು ಇಂದೇ ಬರೆದಿಡುವ ಹಕ್ಕೂ ಇದೆ ಎಂದು ಅದು ಸಾರಿತು. ಇದಕ್ಕೆ ಕೆಲವು ತಿಂಗಳು ಮೊದಲು, 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದರು. ಆಯುಷ್ಯವನ್ನು ಹಿಗ್ಗಿಸುವ ಚಿಕಿತ್ಸೆಯ ನಿರಾಕರಣೆಯೂ ಖಾಸಗಿತನದ ವಲಯಕ್ಕೆ ಸೇರುತ್ತದೆಂಬ ಮಾತು ನ್ಯಾ. ಚೆಲಮೇಶ್ವರ್ ಅವರ ಅಭಿಪ್ರಾಯದಲ್ಲಿತ್ತು. ಆಧಾರ್ ಕುರಿತು ಎದ್ದ ಮೊಕದ್ದಮೆಯೊಂದು ಆಸ್ಪತ್ರೆಯ ಹಾಸಿಗೆಯವರೆಗೆ ಬಂದು ಮುಟ್ಟಿದ್ದು ಹೀಗೆ.

2018ರ ಕ್ರಮವು ಎಷ್ಟು ಬಿಗಿಯಾಗಿತ್ತೆಂದರೆ ಅದನ್ನು ಆಚರಣೆಗೆ ತರುವುದೇ ಕಷ್ಟವಾಯಿತು. 2023ರ ಜನವರಿ 24ರಂದು ಅದನ್ನು ಸಡಿಲಗೊಳಿಸಲಾಯಿತು. ಈಗ ಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಬೇಕು. ನ್ಯಾಯಿಕ ದಂಡಾಧಿಕಾರಿಯ ಬದಲು ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಸಾಕು. ತನ್ನ ಪರವಾಗಿ ಮಾತನಾಡಬೇಕಾದವರ ಹೆಸರನ್ನು ಅದರಲ್ಲಿ ಬರೆಯಬೇಕು. ಆಸ್ಪತ್ರೆಯಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೂ ಕನಿಷ್ಠ 5 ವರ್ಷಗಳ ಅನುಭವವುಳ್ಳ ಇಬ್ಬರು ತಜ್ಞರನ್ನೂ ಒಳಗೊಂಡ ಪ್ರಾಥಮಿಕ ಮಂಡಳಿಯು ಪರಿಶೀಲಿಸಬೇಕು. ಅನಂತರ ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರುಳ್ಳ ದ್ವಿತೀಯ ಮಂಡಳಿಯು ಒಪ್ಪಬೇಕು. ಒಂದೊಂದಕ್ಕೂ ಆದಷ್ಟು ಮಟ್ಟಿಗೆ 48 ಗಂಟೆಗಳ ಮಿತಿಯಿದೆ. ಕೊನೆಗೆ ನ್ಯಾಯಿಕ ದಂಡಾಧಿಕಾರಿಗೆ ತಿಳಿಸಿ ಮುಂದುವರಿಯಬೇಕು. ಪತ್ರ ಬರೆದಿಡದವರ ವಿಷಯದಲ್ಲಿಯೂ ಹತ್ತಿರದವರ ಒಪ್ಪಿಗೆಯೊಡನೆ ಇಂಥದೇ ದಾರಿಯಿದೆ. ಚುಚ್ಚುಮದ್ದು ನೀಡಿ ಸಾವನ್ನು ತರುವುದು ಇವೆಲ್ಲದರ ಹೊರಗೆ, ಅಪರಾಧವಾಗಿಯೇ ಉಳಿದಿದೆ.

ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ದೀರ್ಘಕಾಲ ನಡೆಸಿದ ಹೋರಾಟದ ಫಲವೆಂಬಂತೆ 2025ರ ಸುತ್ತೋಲೆಯನ್ನು ಸುದ್ದಿ ಮಾಧ್ಯಮಗಳು ಬಣ್ಣಿಸಿದವು. ಅವರ ಛಲವನ್ನು ಗೌರವಿಸಲೇಬೇಕು. ಆದರೆ ಯಂತ್ರದ ಆಸರೆಯಲ್ಲಿಲ್ಲದ, ನಡೆದಾಡುವ, ಮಾತನಾಡುವ ವ್ಯಕ್ತಿ ಕೇಳುವ ಸಾವನ್ನು ಈ ಸುತ್ತೋಲೆ ಕೊಡಲಾರದು. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ‘ದಯಾಮರಣ’ ಎಂಬ ಒಂದೇ ಹೆಸರಿದ್ದುದರಿಂದ ಅವುಗಳ ನಡುವಿನ ಅಂತರ ಕಾಣದೆ ಹೋಯಿತು.

ಹಾಗಾದರೆ ನಾವು ‘ಇಚ್ಛಾಮರಣ’ ಎನ್ನಬಹುದೆ? ಕನ್ನಡ ಓದುಗನಿಗೆ ಇಚ್ಛಾಮರಣಿಯೆಂದರೆ ಮೊದಲು ನೆನಪಾಗುವವನು ಭೀಷ್ಮ. ಅವನದು ತಂದೆಯ ವರ. ಬೇಡವೆಂದಾಗ ಬಾರದ, ಬೇಕೆಂದಾಗ ಬರುವ ಸಾವು. ಇದಕ್ಕಿಂತ ಗಟ್ಟಿಯಾದ ಪರಂಪರೆ ಶಾಸನಗಳಲ್ಲಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ 7ನೆಯ ಶತಮಾನದಿಂದ ಕಾಣಸಿಗುವ ನಿಸಿದಿ ಶಾಸನಗಳಲ್ಲಿ ಸಾಯುವ ವ್ಯಕ್ತಿ ಪ್ರಥಮಾ ವಿಭಕ್ತಿಯಲ್ಲಿದ್ದಾನೆ. ‘ನೋಂತು’, ‘ಮುಡಿಪಿದರ್’ ಎಂಬ ಕ್ರಿಯೆಗಳಿಗೆ ಮುನಿಗಳೂ ಗಂತಿಯರೂ ತಾವೇ ಕರ್ತೃಗಳು. ಯಾರೂ ಅವರಿಗೆ ಮರಣವನ್ನು ನೀಡಲಿಲ್ಲ. ಗಂಗರ ಮಾರಸಿಂಹನು 10ನೆಯ ಶತಮಾನದಲ್ಲಿ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಮುಡಿಪಿದ್ದನ್ನು ಕೂಗೆ ಬ್ರಹ್ಮದೇವ ಸ್ತಂಭದ ಶಾಸನ ದಾಖಲಿಸಿದೆ. ವಡ್ಡಾರಾಧನೆಯ ಕಥೆಗಳು ಮುಗಿಯುವುದೂ ಇಂಥ ಸಮಾಧಿ ಮರಣಗಳಲ್ಲಿಯೇ. ಸಲ್ಲೇಖನಕ್ಕೆ ಸಮಂತಭದ್ರರು ಹೇಳುವ ಸಂದರ್ಭಗಳಲ್ಲಿ ಉಪಸರ್ಗ, ಬರಗಾಲ, ಮುಪ್ಪುಗಳ ಜೊತೆಗೆ ರೋಗವೂ ಇದ್ದು, ಇವೆಲ್ಲವೂ ‘ನಿಷ್ಪ್ರತೀಕಾರ’ವಾಗಿರಬೇಕೆಂಬ ನಿಬಂಧನೆಯಿದೆ. ಇಂದಿನ ವೈದ್ಯಕೀಯ ಮಂಡಳಿಯು ಬರೆಯಬೇಕಾದ ‘ಗುಣವಾಗುವ ಭರವಸೆಯಿಲ್ಲ’ ಎಂಬ ಒಕ್ಕಣೆಗೆ ಇಷ್ಟು ಸಮೀಪದ ಪದ ನಮ್ಮಲ್ಲಿದ್ದುದು ಕುತೂಹಲಕರ.

ಆದರೂ ಈ ಪರಂಪರೆಯನ್ನು ನೇರವಾಗಿ ತಂದು ಆಸ್ಪತ್ರೆಯ ಬಾಗಿಲಿಗೆ ನಿಲ್ಲಿಸಲಾಗದು. ಷ. ಶೆಟ್ಟರ್ ಅವರ ‘ಸಾವಿಗೆ ಆಹ್ವಾನ’ ಮತ್ತು ‘ಸಾವನ್ನು ಅರಸಿ’ ಕೃತಿಗಳನ್ನು ಓದಿದವರಿಗೆ ತಿಳಿದಿರುವಂತೆ, ಸಲ್ಲೇಖನವು ಗುರುವಿನ ಅನುಮತಿ, ಸಂಘದ ನೆರವು, ಹಂತಹಂತದ ವ್ರತ ಇವುಗಳಿಂದ ಕೂಡಿದ ಧಾರ್ಮಿಕ ಸಾಧನೆ. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್ 10ರಂದು ಅದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿದಾಗ ಎದ್ದ ಆಕ್ಷೇಪಣೆಯ ತಿರುಳೂ ಇದೇ ಆಗಿತ್ತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ವ್ರತಿಯು ಸಾವನ್ನು ಅರಿತೇ ಎದುರುಗೊಳ್ಳುತ್ತಾನೆ. ವೆಂಟಿಲೇಟರ್ ಬೇಡವೆನ್ನುವ ರೋಗಿ ಸಾವನ್ನು ಬಯಸಿರಬೇಕಾಗಿಲ್ಲ. ಸಾಯುವ ಕ್ರಿಯೆಯನ್ನು ಯಂತ್ರ ಎಳೆಯುತ್ತಿರುವುದು ಅವನಿಗೆ ಬೇಡವಾಗಿದೆ. ‘ಇಚ್ಛಾಮರಣ’ವೆಂದರೆ ಅವನ ತಲೆಯ ಮೇಲೆ ಇಲ್ಲದ ಇಚ್ಛೆಯೊಂದನ್ನು ಹೊರಿಸಿದಂತಾಗುತ್ತದೆ. ತೀವ್ರ ನಿಗಾ ಘಟಕದ ಹೊರಗೆ ಕುಳಿತ ಮಕ್ಕಳು ‘ನಾವೇ ಅಪ್ಪನನ್ನು ಕೊಂದಂತಾಗುವುದಿಲ್ಲವೆ?’ ಎಂದು ಕೇಳುವುದು ಕೊಡುವ ಮತ್ತು ಬಯಸುವ ಈ ಎರಡು ಪದಗಳ ನೆರಳಿನಲ್ಲಿಯೇ. ಕಾನೂನಿನ ಉತ್ತರ ಬೇರೆ: ಕೊಲ್ಲುವುದು ರೋಗ, ನಿಂತದ್ದು ಚಿಕಿತ್ಸೆ.

ಇಲ್ಲಿ ನನ್ನದೇ ವಾದಕ್ಕೆ ಒಂದು ತಿದ್ದುಪಡಿ ಅಗತ್ಯ. ಚತುರ್ಥಿ ವಿಭಕ್ತಿಯು ವ್ಯಕ್ತಿಯನ್ನು ಗ್ರಾಹಕನನ್ನಾಗಿ ಮಾಡುತ್ತದೆ ಎಂದೆ. ಆದರೆ ‘ನನಗೆ ಬೇಡ’ ಎನ್ನುವಾಗಲೂ ‘ನನಗೆ’ ಚತುರ್ಥಿಯಲ್ಲಿಯೇ ಇದೆ; ಕನ್ನಡದಲ್ಲಿ ಬೇಕು, ಬೇಡ, ಗೊತ್ತು, ಸಾಕು ಎಂಬ ಮಾತುಗಳ ಅನುಭವಿ ನಿಲ್ಲುವುದು ಅಲ್ಲಿಯೇ. ಆದುದರಿಂದ ದೋಷವಿರುವುದು ವಿಭಕ್ತಿಯಲ್ಲಲ್ಲ, ‘ಕೊಡು’ ಎಂಬ ಕ್ರಿಯೆಯಲ್ಲಿ. ಸಂವಿಧಾನ ಪೀಠವು ನೂರಾರು ಪುಟಗಳಲ್ಲಿ ಸ್ಥಾಪಿಸಿದ ಹಕ್ಕನ್ನು ಕನ್ನಡದ ಯಾವ ಅಜ್ಜಿಯೂ ‘ನಂಗೆ ಬೇಡ, ಸಾಕು’ ಎಂದು ಹೇಳಬಲ್ಲಳು. ನಾವು ಮಾಡಬೇಕಾದುದು ಆ ಮಾತನ್ನು ಕಾಗದಕ್ಕೆ ಇಳಿಸುವ ಕೆಲಸ.

ಕಾಗದದ ಹೆಸರಿನಲ್ಲಿಯೇ ತೊಡಕುಗಳಿವೆ. ‘ಲಿವಿಂಗ್ ವಿಲ್’ ಎಂಬುದನ್ನು ‘ಜೀವಂತ ಉಯಿಲು’ ಎನ್ನಲಾಗುತ್ತಿದೆ. ಉಯಿಲೆಂದೊಡನೆ ನಮ್ಮ ಮನೆಗಳಲ್ಲಿ ಹೊಲಮನೆಯ ಹಂಚಿಕೆಯ ಮಾತು ಏಳುತ್ತದೆ. ಅಲ್ಲದೆ ಉಯಿಲು ಜಾರಿಗೆ ಬರುವುದು ಬರೆದವನು ಸತ್ತ ಮೇಲೆ, ಈ ಪತ್ರವಾದರೋ ಅವನು ಬದುಕಿರುವಾಗಲೇ. ‘ಮುಂಗಡ ವೈದ್ಯಕೀಯ ನಿರ್ದೇಶನ’ದಲ್ಲಿ ಮುಂಗಡವೆಂದರೆ ಆಸ್ಪತ್ರೆಯ ಸಂದರ್ಭದಲ್ಲಿ ದಾಖಲಾಗುವಾಗ ಕಟ್ಟುವ ಹಣವೆಂದೇ ಅರ್ಥ. ‘ಚಿಕಿತ್ಸಾ ಪೂರ್ವನಿರ್ಧಾರ ಪತ್ರ’ ಎಂಬುದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ನಿರ್ಧಾರ ಯಾರದೆಂಬುದು ಅದರಲ್ಲಿ ಮರೆಯಾಗುವುದಿಲ್ಲ. ಕೃತಿಗೆ ‘ದಯಾಮರಣ’ದ ಬದಲು ‘ಚಿಕಿತ್ಸಾ ನಿರಾಕರಣೆ’ ಎಂದರೆ ಸಾಕು.

ಹೆಸರಿಗಿಂತಲೂ ಎಚ್ಚರ ಬೇಕಾದದ್ದು ಪತ್ರದ ಷರತ್ತಿನ ವಾಕ್ಯದಲ್ಲಿ. ಬಳಕೆಯ ಕನ್ನಡದಲ್ಲಿ ಬರೆಯ ಹೊರಟವರಿಗೆ ಮೊದಲು ತೋಚುವುದು ‘ನನಗೆ ಪ್ರಜ್ಞೆ ತಪ್ಪಿದರೆ ವೆಂಟಿಲೇಟರ್ ಹಾಕಬೇಡಿ’ ಎಂದು. ಇದು ಅಪಾಯಕಾರಿ. ಹಾವು ಕಚ್ಚಿದವರೂ, ರಸ್ತೆ ಅಪಘಾತಕ್ಕೆ ಸಿಕ್ಕವರೂ ಪ್ರಜ್ಞೆ ತಪ್ಪುತ್ತಾರೆ. ಕೆಲವು ದಿನ ಯಂತ್ರದ ಆಸರೆ ಪಡೆದು ಎದ್ದು ಮನೆಗೆ ಬರುತ್ತಾರೆ. ನ್ಯಾಯಾಲಯವು ಹೇಳಿರುವುದು ಮೂರು ಸಂಗತಿಗಳನ್ನು, ಮೂರೂ ಒಟ್ಟಿಗೆ ಇರಬೇಕೆಂದು: ರೋಗವು ಮರಣಾಂತಿಕವಾಗಿರಬೇಕು, ದೀರ್ಘಕಾಲದ ಚಿಕಿತ್ಸೆಯಲ್ಲಿದ್ದರೂ ಗುಣವಾಗುವ ಭರವಸೆ ಇಲ್ಲದಿರಬೇಕು, ರೋಗಿಯು ತಾನೇ ನಿರ್ಧರಿಸುವ ಶಕ್ತಿಯನ್ನು ಕಳೆದುಕೊಂಡಿರಬೇಕು. ಕನ್ನಡದಲ್ಲಿ ಇದನ್ನು ಹೀಗೆ ಬರೆಯಬಹುದು: ‘ವಾಸಿಯಾಗದ ಕಾಯಿಲೆಯಿಂದ ನಾನು ಸಾವಿನ ಅಂಚಿನಲ್ಲಿದ್ದು, ಬಹುಕಾಲ ಚಿಕಿತ್ಸೆ ನಡೆದರೂ ಗುಣವಾಗುವ ಭರವಸೆಯಿಲ್ಲವೆಂದು ವೈದ್ಯ ಮಂಡಳಿಗಳು ಹೇಳಿದಾಗ, ಆಗ ನನ್ನ ನಿರ್ಧಾರವನ್ನು ನಾನೇ ತಿಳಿಸಲಾರದ ಸ್ಥಿತಿಯಲ್ಲಿದ್ದರೆ, ಈ ಕೆಳಗಿನ ಚಿಕಿತ್ಸೆಗಳು ನನಗೆ ಬೇಡ.’ ಕೆಳಗೆ ಉಸಿರಾಟದ ಯಂತ್ರ, ಮೂಗಿನ ಕೊಳವೆಯ ಆಹಾರ, ಡಯಾಲಿಸಿಸ್, ಎದೆ ಒತ್ತಿ ಹೃದಯ ನಡೆಸುವುದು ಇವುಗಳನ್ನು ಬೇರೆ ಬೇರೆಯಾಗಿ ಹೆಸರಿಸಿ ಎದುರಿಗೆ ಬೇಕು, ಬೇಡ ಎಂದು ಗುರುತಿಸಲು ಜಾಗ ಬಿಡಬೇಕು. ನೋವು ಶಮನದ ಔಷಧ ಮತ್ತು ಆರೈಕೆ ಬೇಕೆಂಬ ಸಾಲು ಪ್ರತ್ಯೇಕವಾಗಿರಬೇಕು. ಚಿಕಿತ್ಸೆ ನಿಂತರೆ ಆರೈಕೆಯೂ ನಿಲ್ಲುತ್ತದೆಂಬ ಭಯ ನಮ್ಮ ಜನರಲ್ಲಿ ಆಳವಾಗಿದೆ. ಮತ್ತು ಈ ಪತ್ರವನ್ನು ಯಾವಾಗ ಬೇಕಾದರೂ ಬರಹದ ಮೂಲಕ ಹಿಂತೆಗೆದುಕೊಳ್ಳಬಹುದೆಂಬುದನ್ನು ಸಹಿಯ ಜಾಗಕ್ಕಿಂತ ಮೇಲೆ, ಓದುವವರ ಕಣ್ಣಿಗೆ ಬೀಳುವಂತೆ ಮುದ್ರಿಸಬೇಕು.