ನಿಲ್ಲದ ಬಸಿರಿಗೆ ಹೆಪಾರಿನ್ ಸೂಜಿ

ಜೋಳದ ಕೊಯ್ಲಿನಲ್ಲಿ ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡವರನ್ನು ನೀವು ನೋಡಿರುತ್ತೀರಿ. ಗಾಯವನ್ನು ಒತ್ತಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ರಕ್ತ ನಿಲ್ಲುತ್ತದೆ. ನಮ್ಮ ಹಿರಿಯರು ಇದಕ್ಕೆ ಒಳ್ಳೆಯ ಮಾತನ್ನೇ ಹುಡುಕಿದ್ದಾರೆ: ರಕ್ತ ಹೆಪ್ಪುಗಟ್ಟುತ್ತದೆ. ಹಾಲಿಗೆ ಹೆಪ್ಪು ಹಾಕಿದಾಗ ಹರಿಯುವ ಹಾಲು ಗಟ್ಟಿ ಮೊಸರಾಗುವಂತೆ, ರಕ್ತದಲ್ಲಿ ಕರಗಿಕೊಂಡಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಂಬ ಎಳೆಗಳಾಗಿ ಮಾರ್ಪಟ್ಟು ಬಲೆ ಹೆಣೆಯುತ್ತದೆ. ಆ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಗಾಯದ ಬಾಯಿ ಮುಚ್ಚುತ್ತದೆ.

ಗಾಯವೇ ಇಲ್ಲದ ಕಡೆ, ಅದೂ ತಾಯಿಯ ಹೊಟ್ಟೆಯೊಳಗೆ ಬೆಳೆಯುತ್ತಿರುವ ಮಗುವಿಗೆ ಆಹಾರ ಒದಗಿಸುವ ಮಾಸಿನಲ್ಲಿ ಈ ಕ್ರಿಯೆ ನಡೆದರೆ? ಇಂದಿನ ವಿಷಯ ಅದು.

ಮುಳಗುಂದವೇ ಇರಲಿ, ಲಕ್ಷ್ಮೇಶ್ವರ ಶಿರಹಟ್ಟಿಗಳೇ ಇರಲಿ, “ಆಕಿಗೆ ಬಸಿರು ನಿಲ್ಲಂಗಿಲ್ಲ” ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬಹುದು. ಅದು ನಿಮ್ಮ ಅಕ್ಕನ ಬಗ್ಗೆಯೋ ಅತ್ತಿಗೆಯ ಬಗ್ಗೆಯೋ ಆಗಿದ್ದರೆ, ಆ ಮಾತು ಮನೆಯೊಳಗೆ ಎಷ್ಟು ಭಾರವೆಂಬುದನ್ನು ನಾನು ಹೇಳಬೇಕಾಗಿಲ್ಲ. ಕೊಡ ಎತ್ತಿದಳು, ಬಸ್ಸಿನಲ್ಲಿ ಓಡಾಡಿದಳು, ಯಾರದೋ ದೃಷ್ಟಿ ತಾಗಿತು ಎಂದು ಕಾರಣಗಳನ್ನು ಕಟ್ಟುವವರೇ ಹೆಚ್ಚು. ನಿಜ ಸಂಗತಿ ಬೇರೆ. ಖಚಿತವಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ತಾವಾಗಿಯೇ ಇಳಿದುಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಇಳಿಯುವವುಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಲೆಕ್ಕ ತಪ್ಪಿರುವುದೇ ಕಾರಣ. 46 ಇರಬೇಕಾದಲ್ಲಿ 47 ಆಯಿತು, ಇಲ್ಲವೇ 45 ಆಯಿತು. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ.

ಮೇಲಿಂದ ಮೇಲೆ ಗರ್ಭಪಾತವಾದಾಗ ಮಾತ್ರ ವೈದ್ಯರು ಬೇರೆ ಕಾರಣ ಹುಡುಕುತ್ತಾರೆ. ಹಿಂದೆ ಸತತವಾಗಿ ಮೂರು ಬಾರಿ ಆದರೆ ತಪಾಸಣೆ ಎಂಬ ನಿಯಮವಿತ್ತು. ಈಗ ಎರಡರ ನಂತರವೇ ಶುರುಮಾಡುವ ವೈದ್ಯರು ಬಹಳ. ಥೈರಾಯಿಡ್, ಸಕ್ಕರೆ ಕಾಯಿಲೆ, ಗರ್ಭಕೋಶದ ಆಕಾರ, ಗಂಡ ಹೆಂಡಿರಿಬ್ಬರ ವರ್ಣತಂತು (ಹೌದು, ಗಂಡನದೂ) ಇವನ್ನೆಲ್ಲ ನೋಡುತ್ತಾರೆ. ಇವುಗಳ ಜೊತೆಗೇ ನೋಡುವ ಇನ್ನೊಂದು ಕಾಯಿಲೆಯ ಹೆಸರು ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್. ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ಮತ್ತು ಅವರ ಸಂಗಡಿಗರು ಇದನ್ನು 1983ರಲ್ಲಿ ಗುರುತಿಸಿದರು.

ನಮ್ಮ ದೇಹ ರೋಗಾಣುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ ಎಂದು ಜೀವಶಾಸ್ತ್ರದಲ್ಲಿ ಓದಿದ್ದೀರಿ. ಕೆಲವರಲ್ಲಿ ಈ ಪ್ರತಿಕಾಯಗಳು ದಾರಿ ತಪ್ಪಿ ಸ್ವಂತ ಜೀವಕೋಶಗಳ ಹೊದಿಕೆಗೆ ಅಂಟಿಕೊಂಡಿರುವ ಪ್ರೋಟೀನುಗಳನ್ನೇ ಹಿಡಿಯುತ್ತವೆ. ಆಗ ರಕ್ತ ಬೇಡದ ಕಡೆ ಹೆಪ್ಪುಗಟ್ಟುವ ಸ್ವಭಾವ ತಳೆಯುತ್ತದೆ, ಮಾಸು ಸರಿಯಾಗಿ ಬೇರೂರುವುದಿಲ್ಲ. ಇಲ್ಲೊಂದು ತಮಾಷೆಯಿದೆ. ಈ ಪ್ರತಿಕಾಯಗಳಲ್ಲಿ ಒಂದರ ಹೆಸರು ಲೂಪಸ್ ಆಂಟಿಕೊಯಾಗ್ಯುಲಂಟ್, ಅಂದರೆ ಹೆಪ್ಪುಗಟ್ಟುವುದನ್ನು ತಡೆಯುವಂಥದ್ದು. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಅದು ಹಾಗೆಯೇ ನಡೆದುಕೊಳ್ಳುತ್ತದೆ, ರಕ್ತ ತಡವಾಗಿ ಹೆಪ್ಪುಗಟ್ಟುತ್ತದೆ. ದೇಹದೊಳಗೆ ಮಾತ್ರ ತದ್ವಿರುದ್ಧ!

ರಕ್ತ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಲದು. ಯಾವುದೋ ಜ್ವರ, ಸೋಂಕು ಬಂದು ಹೋದಾಗಲೂ ಈ ಪ್ರತಿಕಾಯಗಳು ತಾತ್ಕಾಲಿಕವಾಗಿ ಕಾಣಿಸಿಕೊಳ್ಳಬಹುದು. ಕನಿಷ್ಠ 12 ವಾರ ಬಿಟ್ಟು ಎರಡನೆಯ ಸಲವೂ ಸಿಕ್ಕಿದರೆ ಮಾತ್ರ ಕಾಯಿಲೆ ಖಚಿತ.

ಇನ್ನು ಔಷಧಕ್ಕೆ ಬರೋಣ. ಇದರ ಕಥೆಯಲ್ಲಿ ನಿಮ್ಮಂಥ ಒಬ್ಬ ವಿದ್ಯಾರ್ಥಿಯೇ ಇದ್ದಾನೆ. 1916ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಪ್ರೊಫೆಸರ್ ವಿಲಿಯಂ ಹೋವೆಲ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ. ರಕ್ತವನ್ನು ಬೇಗ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುವುದು ಅವನಿಗೆ ಕೊಟ್ಟ ಕೆಲಸ. ನಾಯಿಯ ಯಕೃತ್ತಿನಿಂದ ತೆಗೆದ ಸಾರದಲ್ಲಿ ಅವನಿಗೆ ಸಿಕ್ಕಿದ್ದು ಅದಕ್ಕೆ ವಿರುದ್ಧವಾದ ಗುಣ. ರಕ್ತ ಹೆಪ್ಪುಗಟ್ಟಲೇ ಇಲ್ಲ. 1918ರಲ್ಲಿ ಹೋವೆಲ್ ಈ ಬಗೆಯ ವಸ್ತುವಿಗೆ ಹೆಪಾರಿನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಯಕೃತ್ತಿಗೆ ಹೆಪಾರ್ ಎನ್ನುತ್ತಾರೆ. ನಮ್ಮ ‘ಹೆಪ್ಪು’ ಶಬ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಹೆಪ್ಪಿನ ವೈರಿಗೆ ಹೆಪಾರಿನ್ ಎಂಬ ಹೆಸರು ಕನ್ನಡದವರಿಗೆ ನೆನಪಿಡಲು ಬಹಳ ಅನುಕೂಲ. ಈಗ ಇದನ್ನು ಮುಖ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದ ತಯಾರಿಸುತ್ತಾರೆ.

“ರಕ್ತ ತೆಳುಮಾಡುವ ಸೂಜಿ” ಎಂದು ಜನ ಕರೆಯುವುದು ಇದನ್ನೇ. ಮಾತು ಸರಿಯಲ್ಲ. ಮಜ್ಜಿಗೆಗೆ ನೀರು ಬೆರೆಸಿದಂತೆ ಹೆಪಾರಿನ್ ರಕ್ತವನ್ನು ತೆಳುಮಾಡುವುದಿಲ್ಲ. ರಕ್ತದಲ್ಲಿ ಆಂಟಿಥ್ರಾಂಬಿನ್ ಎಂಬ ಕಾವಲುಗಾರ ಪ್ರೋಟೀನು ಮೊದಲೇ ಇದೆ. ಅದಕ್ಕೆ ಹೆಪಾರಿನ್ ಅಂಟಿಕೊಂಡರೆ ಅದರ ಕೆಲಸದ ವೇಗ ಸುಮಾರು ಸಾವಿರ ಪಟ್ಟು ಹೆಚ್ಚುತ್ತದೆ. ಇಷ್ಟೇ. ಗರ್ಭಿಣಿಗೆ ಇದನ್ನೇ ಆರಿಸಲು ದೊಡ್ಡ ಕಾರಣವೆಂದರೆ, ಹೆಪಾರಿನ್ ಕಣ ಮಾಸನ್ನು ದಾಟಿ ಮಗುವನ್ನು ಸೇರುವುದಿಲ್ಲ. ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ದಾಟುತ್ತದೆ, ಮಗುವಿಗೆ ಹಾನಿ ಮಾಡಬಲ್ಲದು.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ? 1997ರಲ್ಲಿ ಲಂಡನ್ನಿನ ವೈದ್ಯರು ಪದೇ ಪದೇ ಗರ್ಭಪಾತವಾಗಿ ಈ ಪ್ರತಿಕಾಯಗಳೂ ಇದ್ದ 90 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. 45 ಮಂದಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರ ಕೊಟ್ಟರು, ಉಳಿದ 45 ಮಂದಿಗೆ ಆಸ್ಪಿರಿನ್ ಜೊತೆ ಹೆಪಾರಿನ್ ಕೊಟ್ಟರು. ಮೊದಲ ಗುಂಪಿನಲ್ಲಿ 19 ತಾಯಂದಿರು ಜೀವಂತ ಮಗುವನ್ನು ಹೆತ್ತರು, ಎರಡನೆಯದರಲ್ಲಿ 32. ಹೆಪ್ಪು ತಡೆದದ್ದರಿಂದಲೇ ಹೀಗಾಯಿತೆಂದು ಎಲ್ಲರೂ ತಿಳಿದರು. 2004ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೊಂದು, ಪ್ರತಿಕಾಯಗಳು ಮಾಸಿನಲ್ಲಿ ಎಬ್ಬಿಸುವ ಉರಿಯೂತವನ್ನೂ ಹೆಪಾರಿನ್ ತಡೆಯುತ್ತದೆ ಎಂದು ತೋರಿಸಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. “ಬಸಿರು ನಿಲ್ಲದವರಿಗೆಲ್ಲ ಕೊಟ್ಟುಬಿಡೋಣ” ಎಂಬ ಆಸೆ ಹುಟ್ಟಿತು. ಕಾರಣ ತಿಳಿಯದೆ ಗರ್ಭಪಾತವಾದ 364 ಮಹಿಳೆಯರ ಅಧ್ಯಯನ ನೆದರ್ಲೆಂಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾಯಿತು. ಬಸಿರಾದವರಲ್ಲಿ ಆಸ್ಪಿರಿನ್ ಮತ್ತು ಸೂಜಿ ಪಡೆದವರ ಪೈಕಿ ಸುಮಾರು ನೂರಕ್ಕೆ 69 ಮಂದಿಗೆ ಮಗುವಾಯಿತು. ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 67. ಲೆಕ್ಕದಲ್ಲಿ ಇದು ವ್ಯತ್ಯಾಸವೇ ಅಲ್ಲ. ವಂಶದಿಂದಲೇ ಹೆಪ್ಪುಗಟ್ಟುವ ಸ್ವಭಾವ ಬಂದಿರುವ ಮಹಿಳೆಯರ ಅಧ್ಯಯನ 2023ರಲ್ಲಿ ಹೊರಬಂತು. ಸೂಜಿ ಪಡೆದವರಲ್ಲಿ ನೂರಕ್ಕೆ 72, ಪಡೆಯದವರಲ್ಲಿ 71.

ಈ ಅಂಕಿಗಳನ್ನು ಎರಡು ಬಗೆಯಲ್ಲಿ ಓದಬೇಕು. ಪ್ರತಿಕಾಯದ ಕಾಯಿಲೆ ಇಲ್ಲದವರಿಗೆ ಸೂಜಿ ವ್ಯರ್ಥ. ಆರನೆಯ ವಾರದಿಂದ ಮೂವತ್ತೆಂಟನೆಯ ವಾರದವರೆಗೆ ದಿನಕ್ಕೊಂದರಂತೆ ಚುಚ್ಚಿದರೆ 200ಕ್ಕೂ ಹೆಚ್ಚು ಸೂಜಿಗಳಾಗುತ್ತವೆ, ಒಂದು ಎಕರೆ ಮಳೆ ನಂಬಿ ಬದುಕುವ ಮನೆಗೆ ಆ ಖರ್ಚು ಸಣ್ಣದಲ್ಲ. ಇನ್ನೊಂದು ಬಗೆ ಸಂತೋಷದ್ದು. ಹಲವು ಸಲ ನಿರಾಸೆಯಾದ ಮೇಲೂ ಮತ್ತೆ ಬಸಿರಾದವರಲ್ಲಿ ಮೂರರಲ್ಲಿ ಎರಡು ಪಾಲು ಔಷಧವಿಲ್ಲದೆಯೇ ತಾಯಂದಿರಾದರು. ಆದ್ದರಿಂದ ಯಾರಾದರೂ ಸೂಜಿ ಬರೆದುಕೊಟ್ಟರೆ “ಯಾವ ಪರೀಕ್ಷೆಯ ಮೇಲೆ ಕೊಡುತ್ತಿದ್ದೀರಿ, ಡಾಕ್ಟರ್?” ಎಂದು ಕೇಳುವುದು ಅವಿನಯವಲ್ಲ. ಮುಳಗುಂದದಿಂದ ಗದಗ ಸುಮಾರು 20 ಕಿಲೋಮೀಟರ್. ಅಲ್ಲಿಯ ಜಿಮ್ಸ್ ಆಸ್ಪತ್ರೆಯಲ್ಲಾಗಲಿ, ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಆಸ್ಪತ್ರೆಯಲ್ಲಾಗಲಿ ಸ್ತ್ರೀರೋಗ ತಜ್ಞರ ಎರಡನೆಯ ಅಭಿಪ್ರಾಯ ಕೇಳಬಹುದು.

ಕಾಯಿಲೆ ಖಚಿತವಾಗಿ ಸೂಜಿ ಶುರುವಾದರೆ ಮನೆಯಲ್ಲಿ ಓದು ಬಲ್ಲ ನಿಮ್ಮ ಸಹಾಯ ಬೇಕಾಗುತ್ತದೆ. ಹಿಂದೆ ನಾಯಿ ಕಚ್ಚಿದವರಿಗೆ ಹೊಟ್ಟೆಗೆ 14 ಸೂಜಿ ಹಾಕುತ್ತಿದ್ದುದನ್ನು ಅಜ್ಜಿಯರು ಇನ್ನೂ ಮರೆತಿಲ್ಲ. ಹೊಟ್ಟೆಯ ಸೂಜಿ ಎಂದರೆ ಮಗುವಿಗೇ ಚುಚ್ಚುತ್ತದೆಂದು ಹೆದರುತ್ತಾರೆ. ಅದು ಚರ್ಮದ ಕೆಳಗಿನ ಕೊಬ್ಬಿನವರೆಗೆ ಮಾತ್ರ ಹೋಗುತ್ತದೆ, ಮಗು ಇನ್ನೂ ಎಷ್ಟೋ ಒಳಗಿದೆ ಎಂದು ಅವರಿಗೆ ತಿಳಿಸಿ ಹೇಳಿರಿ. ಹೊಕ್ಕುಳಿಂದ ಎರಡು ಅಂಗುಲ ದೂರದಲ್ಲಿ, ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ, ಚರ್ಮವನ್ನು ಚಿಮುಟಿ ಹಿಡಿದು ಚುಚ್ಚುವುದನ್ನು ನರ್ಸ್ ಕಲಿಸುತ್ತಾರೆ. ಚುಚ್ಚಿದ ಜಾಗವನ್ನು ತಿಕ್ಕಬಾರದು, ತಿಕ್ಕಿದರೆ ಕಂದುಗಟ್ಟುತ್ತದೆ. ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆಯದೆ ಗಟ್ಟಿ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ಒಪ್ಪಿಸಿ.

ರಕ್ತಸ್ರಾವ ಕಂಡರೆ, ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೆರಿಗೆ ನೋವು ಆರಂಭವಾದರೆ ಮುಂದಿನ ಸೂಜಿ ಚುಚ್ಚಿಕೊಳ್ಳದೆ ಹೊರಡಬೇಕು. ಶಸ್ತ್ರಕ್ರಿಯೆಗೆ ಬೆನ್ನಿಗೆ ಅರಿವಳಿಕೆ ಕೊಡಬೇಕಾದರೆ, ದಿನಕ್ಕೊಂದು ಸೂಜಿ ಪಡೆಯುವವಳಿಗೆ ಕೊನೆಯ ಸೂಜಿಯಿಂದ ಕನಿಷ್ಠ 12 ಗಂಟೆ ಕಳೆದಿರಬೇಕು. ಆ ಹೊತ್ತಿನಲ್ಲಿ ಗಾಬರಿಯಾದ ಮನೆಯವರಿಗೆ ಸಮಯ ನೆನಪಿರುವುದಿಲ್ಲ. ಅದಕ್ಕೇ ಪ್ರತಿದಿನ ಸೂಜಿ ಚುಚ್ಚಿದ ಗಂಟೆಯನ್ನು ತಾಯಿ ಕಾರ್ಡಿನ ಜೊತೆ ಇಟ್ಟ ಒಂದು ಹಾಳೆಯಲ್ಲಿ ಬರೆದಿಡಿ.