ಟೈಬೀರಿಯಸ್‌ನ ಮುಖ, ನಮ್ಮ ತಕ್ಕಡಿ

ಚಾಮರಾಜನಗರದಿಂದ ಹಾಸನೂರು ದಾಟಿ ದಿಂಬಂ ಘಾಟಿ ಇಳಿದರೆ ಸತ್ಯಮಂಗಲ, ಅದರಾಚೆ ಕೊಯಮತ್ತೂರು ಸೀಮೆ. ಅಲ್ಲಿಯ ವೆಳ್ಳಲೂರಿನಲ್ಲಿ 1842ರಲ್ಲಿ 500ಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೇ ಸಿಕ್ಕವು. ಇತ್ತ ಘಟ್ಟದ ಮೇಲೆ, ಗುಂಡ್ಲುಪೇಟೆಯ ನೆರೆಯ ಕಬಿನಿ ಸೀಮೆಯೇ ಹಿಂದಿನ ಪುನ್ನಾಟ. ಎರಡನೇ ಶತಮಾನದ ಭೂಗೋಳಜ್ಞ ಟಾಲೆಮಿ ಹಸಿರು-ನೀಲಿ ಬೆರಿಲ್ ರತ್ನದ ನೆಲೆಯೆಂದು ಹೇಳಿದ 'ಪೌನ್ನಾಟ' ಇದೇ ಎಂಬುದು ವಿದ್ವಾಂಸರ ಅಭಿಪ್ರಾಯ. ರತ್ನ, ಮೆಣಸು ರೋಮಿಗೆ ಹೋದವು, ಬೆಳ್ಳಿ ಬಂತು.

ಆ ಬೆಳ್ಳಿ ಎಂಥದ್ದು? 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಕಾಮಗಾರಿಗೆ ನೆಲ ಅಗೆದಾಗ 163 ದಿನಾರಿಯಸ್, ಅಂದರೆ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಒಂದು ದಿನಾರಿಯಸ್ ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ತೂಕ ಸುಮಾರು 3.9 ಗ್ರಾಂ. ಮೂರು ಸೇರಿದರೆ ಹೆಚ್ಚುಕಡಿಮೆ ಒಂದು ತೊಲ! ಒಂದು ಬದಿಯಲ್ಲಿ ಎಲೆಮಾಲೆ ತೊಟ್ಟ ರೋಮ್ ಚಕ್ರವರ್ತಿ ಟೈಬೀರಿಯಸ್, ಇನ್ನೊಂದು ಬದಿಯಲ್ಲಿ ಕುಳಿತ ಹೆಂಗಸು, ಸುತ್ತ ಅಕ್ಷರ. ಓದು ಬಾರದ ರೋಮನ್ ಸಿಪಾಯಿಗೂ ತನ್ನ ದೊರೆ ಯಾರೆಂದು ಅದು ತಿಳಿಸುತ್ತಿತ್ತು. ಅಂಥ 225 ನಾಣ್ಯ ಅವನ ಒಂದು ವರ್ಷದ ಸಂಬಳ. ರೋಮನ್ ಲೇಖಕ ಪ್ಲಿನಿ ಬರೆದ ಕಾಲಕ್ಕೆ ರೋಮಿನಲ್ಲಿ ಒಂದು ಪೌಂಡ್ ಕರಿಮೆಣಸಿಗೆ 4 ದಿನಾರಿಯಸ್.

ನಮ್ಮ ಕಡೆ ಆ ಮುಖಕ್ಕೆ ಅಪ್ಪಣೆ ಕೊಡುವ ಬಲವಿರಲಿಲ್ಲ. ಭಾರತದಲ್ಲಿ ಸಿಕ್ಕ ಹಲವು ರೋಮನ್ ನಾಣ್ಯಗಳಲ್ಲಿ, ಮುಖ್ಯವಾಗಿ ಚಿನ್ನದವುಗಳಲ್ಲಿ, ದೊರೆಯ ತಲೆಯ ಮೇಲೆಯೇ ಉಳಿಯಿಂದ ಕೊರೆದ ಗೀಟಿದೆ. ಒಳಗೂ ಚಿನ್ನವೇ ಇದೆಯೇ ಎಂದು ನೋಡಲು ಕೊರೆದರೋ, ಪರದೇಶದ ನಾಣ್ಯ ಇಲ್ಲಿ ನಡೆಯದೆಂದು ಗುರುತು ಮಾಡಿದರೋ, ಎರಡೂ ವಾದಗಳಿವೆ. ಹೇಗಾದರೂ ನನಗೆ ಆ ಗೀಟಿನಲ್ಲಿ ಕಾಣುವುದು ತಕ್ಕಡಿ ಹಿಡಿದವನ ಧೈರ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯಗಳ ಜೊತೆಗೆ ಶಾತವಾಹನರ ಸೀಸದ ನಾಣ್ಯಗಳೂ ಸಿಕ್ಕಿವೆ. ಸೀಸ ಸಂತೆಯ ಚಿಲ್ಲರೆಗೆ, ಬೆಳ್ಳಿ ದೊಡ್ಡ ವ್ಯಾಪಾರಕ್ಕೆ ಎಂದು ಊಹಿಸಬಹುದು.

ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯ ಪ್ರಮಾಣವನ್ನೂ ಇಳಿಸಿದ. ದಕ್ಷಿಣದ ಬೆಳ್ಳಿ ನಿಧಿಗಳಲ್ಲಿ ತುಂಬಿರುವುದು ಅದಕ್ಕಿಂತ ಹಳೆಯ ನಾಣ್ಯಗಳೇ. ನಮ್ಮವರು ನೋಡಿದ್ದು ಲೋಹವನ್ನು.

ಉಳುವಾಗ ನೇಗಿಲಿಗೆ ಹಳೆಯ ನಾಣ್ಯ ತಾಗಿದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿಯೂ ಉಜ್ಜಾಟವೂ ಮೇಲ್ಪದರವನ್ನು ತಿಂದು ಅಕ್ಷರ ಅಳಿಸುತ್ತವೆ. ಮಣ್ಣು ಸಮೇತ ಹಾಗೇ ಇಟ್ಟು, ಸಿಕ್ಕ ಜಾಗ ಗುರುತಿಟ್ಟು, ತಹಶೀಲ್ದಾರರಿಗೆ ತಿಳಿಸಿ.