ಬಿದಿರು ಮುರಿದಾಗ ಹುಟ್ಟಿದ ಕೊಳಲು

ಟ್ರಂಕು ತೆರೆದವರು ಮೊದಲು ನನ್ನ ಕೈಗಿತ್ತದ್ದು ಒಡೆದ ಕೊಳಲನ್ನೇ. ಗೇಣಿಗಿಂತ ತುಸು ಉದ್ದದ ಬಿದಿರು. ಮೈಮೇಲೆ ಕಾದ ಕಬ್ಬಿಣದಿಂದ ಸುಟ್ಟ ಕಪ್ಪು ಪಟ್ಟೆಗಳು, ಆರು ರಂಧ್ರ, ಬಾಯಿಗಿಡುವ ತುದಿಯಲ್ಲಿ ಒಂದು ಮರದ ಬೆಣೆ. ಬುಡದಿಂದ ಹೊರಟ ಕೂದಲೆಳೆಯಂಥ ಸೀಳೊಂದು ನಾಲ್ಕನೇ ರಂಧ್ರದ ಮೇಲಂಚಿನಲ್ಲಿ ನಿಂತಿದೆ. ಅದರ ಸುತ್ತ ಬಿಳಿ ನೂಲು ಬಿಗಿದು ಜೇನುಮೇಣ ಮೆತ್ತಿದ್ದಾರೆ. ‘ಇದು ಬಸವನಗುಡಿ ಕಡಲೆಕಾಯಿ ಪರಿಷೇದು. ಎಂಟಾಣೆ. ನಮ್ಮಪ್ಪ ಕೊಡಿಸಿದ್ದು’ ಎಂದರು.

ಇವರು ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿ ನಿವೃತ್ತರಾದವರು. ಹೆಸರು ಹಾಕುವುದು ಬೇಡ ಎಂದರು. ಬೀದಿಯ ಮಕ್ಕಳು ಕರೆಯುವಂತೆ ನಾನೂ ಫಿಟರ್ ಮಾಮ ಎನ್ನುತ್ತೇನೆ. ಟ್ರಂಕಿನಲ್ಲಿ 43 ಊದುಗೊಳಲುಗಳಿವೆ. ಒಂದೊಂದಕ್ಕೂ ಹಳೆಯ ಪಂಚೆಯ ಬಟ್ಟೆಯಲ್ಲಿ ಹೊಲಿದ ಚೀಲ, ಚೀಲದ ಮೇಲೆ ಬಾಲ್‌ಪೆನ್ನಿನಲ್ಲಿ ಶ್ರುತಿಯ ಗುರುತು. ಅರ್ಧಕ್ಕಿಂತ ಹೆಚ್ಚು ನಮ್ಮ ಜಾತ್ರೆಗಳ ಬಿದಿರಿನವು. ಉಳಿದವು ತಗಡಿನವು, ಹಿತ್ತಾಳೆಯವು. ತಂಗಿಯ ಮಗ ಡಬ್ಲಿನ್‌ನಲ್ಲಿ ಕೆಲಸಕ್ಕಿದ್ದಾನೆ. ಅವನು ಪ್ರತಿ ಸಲ ಊರಿಗೆ ಬರುವಾಗ ತರುವುದು ಚಾಕೊಲೇಟಲ್ಲ, ಟಿನ್ ವಿಸಲ್.

ಟಿನ್ ವಿಸಲ್ ಎಂದರೆ ನೆನಪಾಗದವರಿಗೂ ಅದರ ದನಿ ಗೊತ್ತು. 1997ರ ‘ಟೈಟಾನಿಕ್’ ಚಿತ್ರದ ಹಾಡು ಶುರುವಾಗುವಾಗ ಮಂಜಿನೊಳಗಿಂದ ಬಂದಂತೆ ಕೇಳುವ ಆ ಊದುದನಿ ಈ ಮನೆತನದ್ದು.

ಇದಕ್ಕೂ ನಮ್ಮ ಕಛೇರಿಯ ಕೊಳಲಿಗೂ ಇರುವ ವ್ಯತ್ಯಾಸವನ್ನು ಮಾಮ ನನ್ನ ತುಟಿಯಿಂದಲೇ ಕಲಿಸಿದರು. ಅಡ್ಡಗೊಳಲು ಕೊಟ್ಟು ಊದು ಎಂದರು. ಬರೀ ಗಾಳಿ ಹೋಯಿತು. ಆಮೇಲೆ ತಗಡಿನದು ಕೊಟ್ಟರು. ಉಸಿರು ಬಿಟ್ಟ ಕೂಡಲೇ ಸ್ವರ! ಅಡ್ಡಗೊಳಲಿನಲ್ಲಿ ಗಾಳಿಯ ಎಳೆಯನ್ನು ಹದವಾಗಿ ತೆಳುಮಾಡಿ ರಂಧ್ರದ ಅಂಚಿಗೆ ತಾಗಿಸುವ ಕೆಲಸ ತುಟಿಯದ್ದು; ಅದು ಒಲಿಯಲು ಕೆಲವರಿಗೆ ತಿಂಗಳುಗಳೇ ಬೇಕು. ಇಲ್ಲಿ ಆ ಕೆಲಸವನ್ನು ಬೆಣೆ ಮಾಡುತ್ತದೆ. ಬೆಣೆಗೂ ಕೊಳವೆಯ ಗೋಡೆಗೂ ನಡುವೆ ಬಿಟ್ಟ ಕಿರಿದಾದ ಗಾಳಿದಾರಿಯಲ್ಲಿ ಉಸಿರು ಪಟ್ಟಿಯಂತೆ ಹರಿದು, ಮುಂದಿನ ಕಿಂಡಿಯ ಅಲಗಿಗೆ ಬಡಿದು ನಡುಗುತ್ತದೆ. ಆ ನಡುಕವೇ ನಾದ. ಜಾತ್ರೆಯ ಬಿದಿರಿಗೂ ಐರ್ಲೆಂಡಿನ ತಗಡಿಗೂ ಇದೊಂದೇ ಸೂತ್ರ.

ತಗಡಿನ ಕೊಳಲಿನ ಚರಿತ್ರೆಯನ್ನು ಮಾಮ ಕಾಫಿ ಆರುವುದರೊಳಗೆ ಹೇಳಿ ಮುಗಿಸಿದರು. ಇಂಗ್ಲೆಂಡಿನ ಸಫೋಕ್ ಸೀಮೆಯ ಕೋನಿ ವೆಸ್ಟನ್ ಎಂಬ ಹಳ್ಳಿಯಲ್ಲಿ ರಾಬರ್ಟ್ ಕ್ಲಾರ್ಕ್ ಎಂಬ ಕೃಷಿ ಕೂಲಿಯಿದ್ದ. ಅವನ ಬಳಿ ಮರದ ಊದುಗೊಳಲೊಂದಿತ್ತು. ಆಗ ಹೊಸದಾಗಿ ಸುಲಭಕ್ಕೆ ಸಿಗತೊಡಗಿದ್ದ ತವರ ಲೇಪದ ತಗಡಿನಲ್ಲಿ ಅದನ್ನೇ ಮಾಡಿ ನೋಡಿದ. ದನಿ ಬಂತು. 1843ರಲ್ಲಿ ಸಲಕರಣೆಗಳನ್ನು ಕೈಗಾಡಿಗೆ ಹೇರಿಕೊಂಡು, ಮಗನನ್ನು ಜೊತೆಗೆ ಕರೆದುಕೊಂಡು, ದಾರಿಯ ಊರುಗಳಲ್ಲಿ ಕೊಳಲು ಮಾಡಿ ಮಾರುತ್ತಾ ಮ್ಯಾಂಚೆಸ್ಟರಿಗೆ ನಡೆದೇ ಹೋದ. ಅಲ್ಲಿ ಕಾರ್ಖಾನೆ ಕಟ್ಟಿದ. ಕಾಲುವೆ, ರೈಲುದಾರಿಯ ಕೆಲಸಕ್ಕೆ ಬಂದಿದ್ದ ಐರಿಷ್ ಕೂಲಿಗಳು ಅದನ್ನು ಕೊಂಡು ಜೇಬಿನಲ್ಲಿಟ್ಟುಕೊಂಡರು. ಪುಡಿಗಾಸಿಗೆ ಸಿಗುತ್ತಿದ್ದುದರಿಂದ ಪೆನ್ನಿ ವಿಸಲ್ ಎಂಬ ಹೆಸರೂ ಅಂಟಿತು.

ಕ್ಲಾರ್ಕ್ ಹೆಸರಿನ ಕೊಳಲು ಇಂದಿಗೂ ಸಿಗುತ್ತದೆ. ಮಾಮನ ಬಳಿ ಇರುವುದು ಕಪ್ಪು ಬಣ್ಣದ್ದು. ತಗಡನ್ನು ಸುರುಳಿ ಸುತ್ತಿದ ಹೊಲಿಗೆ ಬೆನ್ನಿನುದ್ದಕ್ಕೂ ಬೆರಳಿಗೆ ಸಿಗುತ್ತದೆ. ಕೊಳವೆ ಕೆಳಗೆ ಹೋದಂತೆ ಕಿರಿದಾಗುತ್ತದೆ, ಬಾಯಿಯ ಬೆಣೆ ಮಾತ್ರ ಮರದ್ದೇ. ಊದಿದರೆ ದನಿಯ ಜೊತೆ ಸ್ವಲ್ಪ ಉಸಿರೂ ಕೇಳಿಸುತ್ತದೆ. ನನಗೆ ಬಹಳ ಹಿಡಿಸಿದ್ದು ಆ ಉಸಿರೇ. ಪ್ಲಾಸ್ಟಿಕ್ ಬಾಯಿಯ ಹಿತ್ತಾಳೆ ಕೊಳಲುಗಳೂ ಇವೆ. ಅವುಗಳ ಗಾಳಿದಾರಿಯ ಕೆಳಗಿನ ಪೊಳ್ಳಿಗೆ ಚಿಟಿಕೆ ಮೇಣ ತುಂಬಿದರೆ ಮೇಲಿನ ಸ್ಥಾಯಿಯ ಕಿರುಚು ಇಳಿಯುತ್ತದೆ. ಐರ್ಲೆಂಡಿನವರೂ ಮಾಡುವ ಚಿಕಿತ್ಸೆ ಇದು. ಮಾಮ ಬೆಂಕಿಕಡ್ಡಿಯ ತುದಿಯಲ್ಲಿ ಮೇಣ ಅದುಮಿ ತೋರಿಸಿದರು.

ಈಗ ನಾನು ಯಾವ ಕಥೆ ಕೇಳಲು ಹೋಗಿದ್ದೆನೋ ಆ ಕಥೆ. ಫಿನ್‌ಬಾರ್ ಫ್ಯೂರಿ ಎಂಬ ಐರಿಷ್ ಕಲಾವಿದ, 1946ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದವರು. ಅವರ ಮುಖ್ಯ ವಾದ್ಯ ಇಲನ್ ಪೈಪ್ಸ್, ಅಂದರೆ ತೋಳಿನಡಿ ತಿದಿಯೊತ್ತಿ ನುಡಿಸುವ ಚೀಲವಾದ್ಯ. ಅದರ ಜೊತೆಗೆ ಅವರು ಜೀವದಂತೆ ಕಾಪಾಡಿಕೊಂಡಿದ್ದ ಇನ್ನೊಂದು ವಾದ್ಯ ಭಾರತದ ಬಿದಿರಿನ ಊದುಗೊಳಲು. ಅದು ಯಾವ ಊರಿನ ಬಿದಿರೋ, ಯಾರ ಕೈ ಅದನ್ನು ಕೊರೆಯಿತೋ! ಸಂಗೀತ ಪ್ರವಾಸವೊಂದರಲ್ಲಿ ಅದು ಒಡೆದುಹೋಯಿತು. ಫ್ಯೂರಿ ಅದರ ಚೂರುಗಳನ್ನು ಬಿಸಾಡಲಿಲ್ಲ. ಇಂಗ್ಲೆಂಡಿನ ಬರ್ನಾರ್ಡ್ ಓವರ್ಟನ್ ಅವರ ಮೊರೆ ಹೋದರು. ಓವರ್ಟನ್ ಜಾಝ್ ನುಡಿಸುತ್ತಿದ್ದವರು, ಲೋಹದ ಕೆಲಸವನ್ನೂ ಬಲ್ಲವರು. ಅವರು ನೋಡಿ, ಬಿದಿರನ್ನು ಮತ್ತೆ ಕೂಡಿಸುವುದು ಆಗದ ಮಾತು ಎಂದುಕೊಂಡು ಅದರ ಪ್ರತಿಯನ್ನು ಲೋಹದಲ್ಲಿ ಮಾಡಲು ಕುಳಿತರು. ಮೊದಲ ಯತ್ನದಲ್ಲಿ ಲೋಹದ ಕೊಳವೆಗೆ ಕಾರ್ಕಿನ ಬೆಣೆ ಹಾಕಿದರು. ಅವರಿಗೇ ಒಪ್ಪಿಗೆಯಾಗಲಿಲ್ಲ. ಆಮೇಲೆ ಪೂರ್ತಿ ಅಲ್ಯೂಮಿನಿಯಮ್ಮಿನಲ್ಲೇ, ಬಾಯಿಯೂ ಲೋಹದ್ದೇ ಆಗುವಂತೆ, ಸುಮಾರು 58 ಸೆಂಟಿಮೀಟರ್ ಉದ್ದದ ಕೊಳಲು ಮಾಡಿದರು. 1971ರ ಕೊನೆಯ ಹೊತ್ತಿಗೆ ಅದು ಫ್ಯೂರಿಯ ಕೈ ಸೇರಿತು.

ಇವತ್ತು ಲೋ ವಿಸಲ್ ಎನ್ನುವುದು ಅದನ್ನೇ. ಸಾಮಾನ್ಯ ಟಿನ್ ವಿಸಲ್ ಹಕ್ಕಿಯಂತೆ ಕೂಗಿದರೆ ಇದು ಒಂದು ಸ್ಥಾಯಿ ಕೆಳಗೆ, ಸಂಜೆಯ ಹೊಳೆಯಂತೆ. ಫ್ಯೂರಿ ಕಛೇರಿಗಳಲ್ಲಿ ನುಡಿಸಿದಂತೆಲ್ಲ ಬೇರೆಯವರೂ ಬೇಕು ಎಂದರು. ಮುಂದೆ ಡೇವಿ ಸ್ಪಿಲ್ಲೇನ್‌ರಂಥವರು ‘ರಿವರ್‌ಡ್ಯಾನ್ಸ್’ ಪ್ರದರ್ಶನದ ಮೂಲಕ ಅದನ್ನು ಜಗತ್ತಿನ ಕಿವಿಗೆ ಮುಟ್ಟಿಸಿದರು. ರಂಧ್ರಗಳು ದೂರ ದೂರ ಇರುವುದರಿಂದ ಬೆರಳ ತುದಿ ಸಾಲದು, ನಡುಗೆಣ್ಣಿನ ಚಪ್ಪಟೆಯಿಂದ ಮುಚ್ಚಬೇಕು. ನಮ್ಮ ಉದ್ದನೆಯ ಬಾನ್ಸುರಿ ನುಡಿಸುವವರ ಕೈಯನ್ನು ನೋಡಿದವರಿಗೆ ಇದು ಹೊಸತೆನಿಸುವುದಿಲ್ಲ.

ಮಾಮ ಈ ಕಥೆ ಹೇಳುವಾಗ ಎರಡು ಸಲ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ‘ಅವನೂ ಲೋಹದ ಕೆಲಸದೋನೇ ನೋಡಿ’ ಎಂದರು ಓವರ್ಟನ್ ಬಗ್ಗೆ. ತಾವೂ ಕರೆಂಟಿನ ಪೈಪು, ಅಲ್ಯೂಮಿನಿಯಂ ಕೊಳವೆಗಳಲ್ಲಿ ಒಂಬತ್ತು ಕೊಳಲು ಮಾಡಿದ್ದಾರೆ. ಕಿಂಡಿಯ ಅಲಗನ್ನು ಅರದಿಂದ ಉಜ್ಜುವುದೇ ಅರ್ಧ ದಿನ. ಒಂದು ಕೂದಲೆಳೆ ಹೆಚ್ಚು ಉಜ್ಜಿದರೆ ಕೊಳಲು ಮೂಕ.

ರಂಧ್ರಗಳ ಲೆಕ್ಕವನ್ನು ಅವರು ಬಿಡಿಸಿದ ರೀತಿ ಸೊಗಸಾಗಿತ್ತು. ಆರೂ ಮುಚ್ಚಿ, ಅದನ್ನು ಷಡ್ಜ ಎಂದುಕೊಂಡು ಕೆಳಗಿನಿಂದ ಒಂದೊಂದೇ ಬೆರಳು ತೆಗೆಯುತ್ತಾ ಹೋದರೆ ಶಂಕರಾಭರಣದ ಸ್ವರಗಳು. ಮೇಲಿನ ಮೂರು ಮಾತ್ರ ಮುಚ್ಚಿದ್ದನ್ನು ಷಡ್ಜ ಎಂದುಕೊಂಡರೆ ಅದೇ ಕೊಳಲು ಕಲ್ಯಾಣಿ. ಮೂರು ಬೆರಳು ತೆಗೆಯುವುದರೊಳಗೆ ಪ್ರತಿಮಧ್ಯಮದವರೆಗೆ ಬರುತ್ತೀರಿ. ಅಲ್ಲಿಗೆ ಎಲ್ಲ ರಂಧ್ರವೂ ತೆರೆದಿರುತ್ತದೆ. ಪಂಚಮಕ್ಕೆ ಆರೂ ಮತ್ತೆ ಮುಚ್ಚಿ ಬಿರುಸಾಗಿ ಊದಬೇಕು. ಷಡ್ಜ ಸರಿಸಿದರೆ ರಾಗವೇ ಬದಲಾಗುವ ಈ ಗ್ರಹಭೇದವನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಬೆರಳಿನಲ್ಲಿ ಕಂಡದ್ದು ಅವತ್ತು.

ಊರೂರಿನ ಊದುಗೊಳಲಿನ ಕಥೆಗಳೂ ಮಾಮನ ಬಳಿ ಇವೆ. 1950ರ ದಶಕದಲ್ಲಿ ಜೊಹಾನ್ಸ್‌ಬರ್ಗ್‌ನ ಬೀದಿ ಹುಡುಗರು ಇದೇ ಪೆನ್ನಿ ವಿಸಲ್ಲಿನಲ್ಲಿ ಕ್ವೇಲಾ ಎಂಬ ಸಂಗೀತವನ್ನೇ ಹುಟ್ಟಿಸಿದರು. ಸ್ಪೋಕ್ಸ್ ಮಶಿಯಾನೆ ಅದರ ದೊಡ್ಡ ಹೆಸರು. ಐರ್ಲೆಂಡಿನ ಕ್ಲೇರ್ ಸೀಮೆಯ ಡೂಲಿನ್‌ನಲ್ಲಿ ಮೀಹೋ ರಸೆಲ್ (1915–1994) ಬೇಸಾಯದ ಜೊತೆಗೇ ನುಡಿಸಿ ಹೆಸರಾದರು. ಸ್ಲೊವಾಕಿಯಾದ ಕುರಿಗಾಹಿಗಳ ಫುಯಾರಾಕ್ಕೆ ಮೂರೇ ರಂಧ್ರ, ಆದರೆ ಉದ್ದ ಆಳೆತ್ತರ. ಅದರ ಚಿತ್ರವನ್ನು ಮಾಮ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದಾರೆ.

ಹೊರಗಿನವರು ಆಟಿಕೆಯೆನ್ನಬಹುದಾದ ತಗಡಿಗೆ ಐರ್ಲೆಂಡಿನಲ್ಲಿ ಗುರುಗಳಿದ್ದಾರೆ, ಸ್ಪರ್ಧೆಗಳಿವೆ, ಶಾಲೆಯಲ್ಲಿ ಅದನ್ನು ಹಿಡಿಯುವ ಮಕ್ಕಳಿದ್ದಾರೆ. ನಮ್ಮ ಜಾತ್ರೆಯ ಕೊಳಲು ಮಾತ್ರ ಬತ್ತಾಸು, ಬಲೂನಿನ ಸಾಲಿನಲ್ಲೇ ಉಳಿಯಿತು. ಉದ್ದನೆಯ ಗಳುವಿಗೆ ನವಿಲುಗರಿಯಂತೆ ಕೊಳಲು ಸಿಕ್ಕಿಸಿಕೊಂಡು, ಒಂದನ್ನು ತಾನೇ ನುಡಿಸುತ್ತಾ ಬರುವ ಆ ಮನುಷ್ಯನಷ್ಟು ಚೆನ್ನಾಗಿ ಆ ವಾದ್ಯವನ್ನು ಬಲ್ಲವರು ಯಾರಿದ್ದಾರೆ? ಅವನನ್ನು ಒಂದು ದಿನ ಶಾಲೆಯೊಳಗೆ ಕರೆದು ಮಕ್ಕಳ ಮುಂದೆ ಕೂರಿಸಿದರೆ ವಾರದೊಳಗೆ ಅವರು ಒಂದು ಹಾಡು ನುಡಿಸಿಯಾರು. ಸಂಗೀತದ ಮೇಷ್ಟ್ರಿಲ್ಲದ ಶಾಲೆಗೆ ಇಷ್ಟು ಅಗ್ಗದ, ಇಷ್ಟು ಬೇಗ ಒಲಿಯುವ ವಾದ್ಯ ಇನ್ನೊಂದಿಲ್ಲ. ಪರಿಷೆಯಲ್ಲಿ ಈಗ ಕಿವಿಗೆ ಬೀಳುವುದು ಹೆಚ್ಚಾಗಿ ಪ್ಲಾಸ್ಟಿಕ್ ಪೀಪಿ. ಕಳೆದ ಕಾರ್ತಿಕದಲ್ಲಿ ದೊಡ್ಡ ಬಸವಣ್ಣನ ಗುಡಿಯ ರಸ್ತೆಯನ್ನು ಮಾಮ ಮೂರು ಸಲ ಸುತ್ತಿದ ಮೇಲೆ ಕೊಳಲಿನವನೊಬ್ಬ ಸಿಕ್ಕನಂತೆ. ಹನ್ನೆರಡು ಊದಿ ನೋಡಿ ಒಂದನ್ನು ಆರಿಸಿದರಂತೆ. ಆತ ಕೊನೆಗೆ, ‘ನಿಮಗೆ ಗೊತ್ತಾಗುತ್ತೆ ಸಾರ್’ ಎಂದು ದುಡ್ಡು ಎಣಿಸದೆ ಜೇಬಿಗಿಟ್ಟುಕೊಂಡನಂತೆ.

ಹೊರಡುವಾಗ ಕೇಳಿದೆ, ‘ಆ ಒಡೆದದ್ದನ್ನು ನೀವೂ ಲೋಹದಲ್ಲಿ ಮಾಡಿಕೊಳ್ಳಬಹುದಿತ್ತಲ್ಲ?’

‘ಮಾಡಿದ್ದೀನಿ’ ಎಂದು ಅಲ್ಯೂಮಿನಿಯಮ್ಮಿನದೊಂದನ್ನು ತೋರಿಸಿ ಪಕ್ಕಕ್ಕಿಟ್ಟರು. ಮತ್ತೆ ಆ ಬಿದಿರನ್ನೇ ಎತ್ತಿಕೊಂಡರು. ನೂಲು, ಮೇಣ ಎಷ್ಟಿದ್ದರೂ ಸೀಳಿನ ಭಾಗದಲ್ಲಿ ಗಾಳಿ ಸೋರುತ್ತದೆ. ಕೆಳಗಿನ ಮೂರು ರಂಧ್ರ ಕೆಲಸಕ್ಕಿಲ್ಲ. ಮೇಲಿನ ಮೂರಕ್ಕೆ ಬೆರಳಿಟ್ಟು ನಿಧಾನ ಊದಿದರು. ಷಡ್ಜ, ರಿಷಭ, ಗಾಂಧಾರ. ಕೊನೆಯ ಬೆರಳೂ ಎದ್ದಿತು, ಪ್ರತಿಮಧ್ಯಮ ಬಂತು. ಕಲ್ಯಾಣಿ ಪಂಚಮದ ಬಾಗಿಲಿಗೆ ಬಂದು ನಿಂತಿತು. ಮಾಮ ಉಸಿರು ಮುಗಿಯುವವರೆಗೂ ಆ ಸ್ವರವನ್ನು ಹಿಡಿದಿದ್ದು, ಆಮೇಲೆ ಕೊಳಲನ್ನು ಚೀಲಕ್ಕೆ ಹಾಕಿ ದಾರ ಎಳೆದರು.